ಭಿವಂಡಿಯ ಭಾನುವಾರದ ಶಾಲೆ

ಆಮಂತ್ರಣ ವಾಟ್ಸಾಪಿನಲ್ಲಿ ಬಂತು. ಮೊಮ್ಮಗಳು ಆಶ್ರಿತಾ ಅದನ್ನು ಬೆರಳಿನಲ್ಲಿ ದೊಡ್ಡದು ಮಾಡಿ ಅಜ್ಜಿಯ ಮುಂದೆ ಹಿಡಿದಳು. ನಳಿನಿಯಮ್ಮ ಕನ್ನಡಕ ಏರಿಸಿಕೊಂಡು ಓದಿದರು. ಓದಿ ಮುಗಿಸಿದವರು ಅಡುಗೆಮನೆಗೆ ಹೋಗಿ, ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆಯತೊಡಗಿದರು. ಆ ಸದ್ದು ಕೇಳಿದರೆ ಸಾಕು, ಅಮ್ಮನ ಸಿಟ್ಟು ಎಲ್ಲಿಯವರೆಗೆ ಏರಿದೆ ಎಂದು ಮಗಳು ಶ್ರೀವಿದ್ಯಾಳಿಗೆ ತಿಳಿಯುತ್ತಿತ್ತು.

ಡೊಂಬಿವಲಿಯ ಕನ್ನಡ ಸ್ನೇಹ ಬಳಗದವರು ಯಜ್ಞೇಶ್ವರ ಮಾಸ್ತರರಿಗೆ ನುಡಿನಮನದ ಸಭೆ ಇಟ್ಟುಕೊಂಡಿದ್ದರು. ಮಾಸ್ತರರು ತೀರಿಕೊಂಡು ಮೂರು ತಿಂಗಳಾಗಿತ್ತು. ಸಭೆ ಮಾಡಲಿ, ಬೇಕಾದರೆ ಊಟವೂ ಹಾಕಲಿ, ಅದಕ್ಕೆ ನಳಿನಿಯಮ್ಮನ ತಕರಾರಿಲ್ಲ. ತಕರಾರು ಎರಡು ಸಾಲಿನ ಬಗ್ಗೆ. 'ತಮ್ಮ ಭಾನುವಾರಗಳನ್ನೆಲ್ಲ ಭಿವಂಡಿಯ ಮಗ್ಗದ ಕೂಲಿಗಳ ಮಕ್ಕಳಿಗೆ ಧಾರೆಯೆರೆದು, ಮನೆ-ಮಠ ಮರೆತು ದುಡಿದ ಮಹಾನುಭಾವ' ಎಂಬುದು ಒಂದು. 'ಪತಿಯ ಸೇವಾವ್ರತಕ್ಕಾಗಿ ತನ್ನ ಸಂಸಾರಸುಖವನ್ನೇ ತ್ಯಾಗ ಮಾಡಿದ ಸಹಧರ್ಮಿಣಿ ನಳಿನಿಯವರಿಗೆ ಗೌರವಾರ್ಪಣೆ' ಎಂಬುದು ಇನ್ನೊಂದು.

"ಯಾವ ಸುಖ ನಾನು ತ್ಯಾಗ ಮಾಡಿದ್ದು?" ಅಡುಗೆಮನೆಯಿಂದಲೇ ಕೇಳಿದರು. "ನನಗೇ ಗೊತ್ತಿಲ್ಲದೆ ಯಾವಾಗ ಮಾಡಿದೆ?"

"ಬಿಡು ಅಮ್ಮ. ಅವರ ಪ್ರೀತಿ ಅದು. ಒಂದು ಶಾಲು ಹಾಕ್ತಾರೆ, ಒಂದು ಹಣ್ಣಿನ ಬುಟ್ಟಿ ಕೊಡ್ತಾರೆ. ತಗೊಂಡು ಬಂದ್ರಾಯ್ತು."

"ಭಿವಂಡಿಯಲ್ಲಿ ಶಾಲೆಯೇ ಇರ್ಲಿಲ್ಲ ಅಂತ ನಿನಗೆ ಗೊತ್ತುಂಟಲ್ಲ?"

ಶ್ರೀವಿದ್ಯಾಳಿಗೆ ಗೊತ್ತಿತ್ತು. ಆ ಶಾಲೆ ಇರಲಿಲ್ಲ ಎಂಬುದು ಇಡೀ ಜಗತ್ತಿನಲ್ಲಿ ಅಪ್ಪ, ಅಮ್ಮ, ಮಗಳು ಮೂವರಿಗೇ ಗೊತ್ತಿದ್ದ ಸಂಗತಿ. ಈಗ ಅಮ್ಮ, ಮಗಳು ಉಳಿದಿದ್ದರು.

ಯಜ್ಞೇಶ್ವರ ಮಾಸ್ತರರು ಉಡುಪಿ ಹತ್ತಿರದ ಹಳ್ಳಿಯಿಂದ ಮೀಸೆ ಮೂಡುವ ಮುಂಚೆಯೇ ಠಾಣೆಗೆ ಬಂದವರು. ದೂರದ ಮಾವನ ಹೋಟೆಲಿನ ಗಲ್ಲಾದ ಪಕ್ಕ ನಿಂತು ಕೂಪನ್ ಹರಿಯುತ್ತ, ರಾತ್ರಿಶಾಲೆಯಲ್ಲಿ ಓದುತ್ತ, ಹೇಗೋ ಬಿ.ಎಡ್. ಮುಗಿಸಿ ಅಲ್ಲಿಯ ಒಂದು ಕನ್ನಡ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾದರು. ಹಗಲು ಹೈಸ್ಕೂಲು. ಸಂಜೆಗೆ ಹೋಟೆಲ್ ಹುಡುಗರಿಗೆ ಹತ್ತನೇ ಕ್ಲಾಸಿನ ಎಸ್ಸೆಸ್ಸಿ ಪಾಠ. ಹುಡುಗರನ್ನು ಬಿಡದ ಮಾಲೀಕರ ಹತ್ತಿರ ಮಾಸ್ತರರೇ ಹೋಗಿ ಗಲ್ಲಾದ ಎದುರು ನಿಲ್ಲುತ್ತಿದ್ದರು. ಜಗಳವಿಲ್ಲ, ಬೇಡಿಕೆಯಿಲ್ಲ. ಗಿರಾಕಿಗಳಿಗೆ ಅಡ್ಡವಾಗಿ ಸುಮ್ಮನೆ ನಿಲ್ಲುವುದು, ಅಷ್ಟೆ. ಸ್ವಲ್ಪ ಹೊತ್ತಿಗೆ ಮಾಲೀಕ ಬೇಸತ್ತು, "ಕರಕೊಂಡು ಹೋಗಿ ಮಾರಾಯ್ರೆ" ಎನ್ನುತ್ತಿದ್ದ.

ಅವರ ಪಾಠದ ರೀತಿಯೇ ಬೇರೆ. ಹಲಗೆಯ ಮೇಲೆ ಲೆಕ್ಕ ಬರೆದು, "ಮೊದಲು ಒಂದು ತಪ್ಪು ಉತ್ತರ ಹೇಳಿ" ಎನ್ನುತ್ತಿದ್ದರು. ಸರಿ ಉತ್ತರ ಹೇಳಿದವನಿಗೆ ಬೈಗುಳ. ಹೊಟ್ಟೆಪಾಡಿಗೆ ತಟ್ಟೆ ತೊಳೆದು ಬಂದ ಹುಡುಗ, ಹೊಸಬ, ಬಾಯಿ ಬಿಡಲು ಹೆದರುವವನು, ತಪ್ಪು ಹೇಳಲಿಕ್ಕಾದರೂ ಬಾಯಿ ಬಿಡುತ್ತಿದ್ದ. ಆ ತಪ್ಪನ್ನೇ ಹಿಡಿದು, ಇದು ಯಾಕೆ ತಪ್ಪು, ಎಲ್ಲಿ ಜಾರಿತು ಎಂದು ಎಲ್ಲರೂ ಸೇರಿ ಹುಡುಕುತ್ತ ಹುಡುಕುತ್ತ ಸರಿ ಉತ್ತರದ ಮನೆಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹಾಗೆ ಕಲಿತವರು ಇವತ್ತು ಠಾಣೆಯಿಂದ ಬದಲಾಪುರದ ತನಕ ಹೋಟೆಲು ಇಟ್ಟಿದ್ದಾರೆ, ಬ್ಯಾಂಕಿನಲ್ಲಿದ್ದಾರೆ, ಒಬ್ಬಿಬ್ಬರು ಮಾಸ್ತರರೂ ಆಗಿದ್ದಾರೆ. ಅವರ ಪ್ರೀತಿ ಸುಳ್ಳಲ್ಲ. ನಳಿನಿಯಮ್ಮನಿಗೆ ಅದೂ ಗೊತ್ತು. ಗೊತ್ತಿರುವುದರಿಂದಲೇ ಈ ಸಿಟ್ಟನ್ನು ಎಲ್ಲಿ ಇಳಿಸುವುದು ಎಂದು ತಿಳಿಯದೆ ಒದ್ದಾಡುತ್ತಿದ್ದರು.

ಸೋಮವಾರದಿಂದ ಶನಿವಾರದವರೆಗೆ ಮಾಸ್ತರರು ಡೊಂಬಿವಲಿಯ ಮನೆಗೆ ಮಲಗಲಿಕ್ಕೆ ಮಾತ್ರ ಬರುತ್ತಿದ್ದರು. ಬೆಳಗಿನ ಲೋಕಲ್‌ನಲ್ಲಿ ಬಾಗಿಲಿಗೆ ಜೋತುಬಿದ್ದು ಹೋಗುವುದು, ರಾತ್ರಿಯೂ ಹಾಗೇ ಜೋತುಬಿದ್ದು ಬರುವುದು. ಮದುವೆಯಾದ ಮೊದಲ ಭಾನುವಾರ ನಳಿನಿ ರುಬ್ಬುವ ಕಲ್ಲಿನ ಮುಂದೆ ಕೂತಿದ್ದಾಗ ಬಂದು, "ಏಳು, ಇವತ್ತು ನಾನು" ಎಂದು ಗುಂಡು ಹಿಡಿದರು. ಪ್ರೀತಿಯ ಮಾತು ಅಂತ ಅವರು ಆಡಿದ್ದು ಅಷ್ಟೇ. ಆದರೆ ಆ ಗುಂಡನ್ನು ಮತ್ತೆ ಭಾನುವಾರ ಹೆಂಡತಿಯ ಕೈಗೆ ಕೊಡಲಿಲ್ಲ. ಮಗಳು ಹುಟ್ಟಿದ ಮೇಲೆ ಅವಳ ತಲೆಗೆ ಎಣ್ಣೆ ಹಚ್ಚುವುದು, ಎರಡು ಜಡೆ ಹಾಕುವುದು ಅವರದೇ ಕೆಲಸ. ಜಡೆ ಒಂದು ಮೇಲೆ, ಒಂದು ಕೆಳಗೆ. ಗಣಿತದ ಮಾಸ್ತರರಿಗೆ ಎರಡು ಜಡೆ ಸಮ ಮಾಡಲು ಕೊನೆಯವರೆಗೂ ಬರಲಿಲ್ಲ.

ಆದರೆ ಈ ಊರಿನ ಕನ್ನಡಿಗರು ಭಾನುವಾರವನ್ನು ಯಾರಿಗೂ ಬಿಟ್ಟುಕೊಡುವವರಲ್ಲ. ವಾರ್ಷಿಕೋತ್ಸವ ಭಾನುವಾರ, ಪ್ರತಿಭಾ ಪುರಸ್ಕಾರ ಭಾನುವಾರ, ವಧೂವರರ ಮೇಳ, ತಾಳಮದ್ದಲೆ, ರಕ್ತದಾನ, ಕಾರ್ಯಕಾರಿ ಸಮಿತಿಯ ಸಭೆ, ಆ ಸಭೆ ಯಾವಾಗ ಇಡುವುದು ಎಂದು ನಿರ್ಧರಿಸುವ ಸಭೆ, ಎಲ್ಲ ಭಾನುವಾರ. ಮನೆಯಲ್ಲಿ ಇರುತ್ತೇನೆ ಎಂದವನು ಅವರ ಲೆಕ್ಕದಲ್ಲಿ ಒಂದೋ ಸೋಮಾರಿ, ಇಲ್ಲ ಹೆಂಡತಿಯ ಸೆರಗು ಹಿಡಿದವನು. ಮಾಸ್ತರರಂಥ ಮಾಸ್ತರರನ್ನು ಬಿಟ್ಟಾರೆಯೇ? ಶ್ರೀವಿದ್ಯಾ ಬಾಲವಾಡಿಗೆ ಹೋಗುತ್ತಿದ್ದ ಕಾಲದಲ್ಲಿ ಬಳಗದ ಆಗಿನ ಅಧ್ಯಕ್ಷರು ಇಬ್ಬರನ್ನು ಜೊತೆ ಮಾಡಿಕೊಂಡು ಮನೆಗೇ ಬಂದರು. ಮಾಸ್ತರರು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದರು. ಕಾರ್ಯದರ್ಶಿ ಆಗಬೇಕು, ಪ್ರತಿ ಭಾನುವಾರ ಎರಡೇ ತಾಸಿನ ಕೆಲಸ ಎಂದರು ಬಂದವರು. ಮಾಸ್ತರರು ಒಳಗೆ ಹೆಂಡತಿಯ ಕಡೆ ನೋಡಿದರು, ಹೊರಗೆ ಅವರ ಕಡೆ ನೋಡಿದರು, ಕೈಯ ಹಿಟ್ಟು ನೋಡಿದರು.

"ಭಾನುವಾರ ನನಗೆ ಭಿವಂಡಿಯಲ್ಲಿ ಪಾಠ ಉಂಟಲ್ಲ" ಎಂದುಬಿಟ್ಟರು. "ಮಗ್ಗದವರ ಮಕ್ಕಳಿಗೆ. ನಮ್ಮ ರಾಯಚೂರು ಕಡೆಯವರು, ಪಾಪ."

ಯಾಕೆ ಭಿವಂಡಿ? ಆಮೇಲೆ ನಳಿನಿ ಕೇಳಿದ್ದರು. ಅದು ಯಾರೂ ಸುಮ್ಮನೆ ಹೋಗಿ ನೋಡಿ ಬರುವ ಊರಲ್ಲ, ಅದಕ್ಕೆ ಎಂದರು ಮಾಸ್ತರರು. ಆ ದಿನ ಗಂಡ ಹೆಂಡತಿ ಬಿದ್ದು ಬಿದ್ದು ನಕ್ಕರು.

ಸುಳ್ಳು ಹೇಳಿದ ಮೇಲೆ ಭಾನುವಾರ ಮನೆಯಲ್ಲಿ ಕೂರುವುದೂ ಕಷ್ಟವಾಯಿತು. ಬಾಗಿಲು ತಟ್ಟಿದವರಿಗೆ ಸಿಕ್ಕಿಬಿದ್ದರೆ? ಹೋಟೆಲಿಗೆ ಹೋಗೋಣವೆಂದರೆ ಗಲ್ಲಾದಲ್ಲಿ ಕೂತವನು ಶಿಷ್ಯನೇ. ಹಾಗಾಗಿ ಮಧ್ಯಾಹ್ನದ ಊಟವಾದ ಮೇಲೆ ಮೂವರೂ ಡಬ್ಬಿಯಲ್ಲಿ ಚಟ್ಟಂಬಡೆ ಕಟ್ಟಿಕೊಂಡು ಬದಲಾಪುರದ ಲೋಕಲ್ ಹತ್ತುತ್ತಿದ್ದರು. ವಾರವಿಡೀ ಕಾಲಿಡಲು ಜಾಗವಿಲ್ಲದ ಗಾಡಿ ಭಾನುವಾರ ಮಧ್ಯಾಹ್ನ ಖಾಲಿ. ಮಾಸ್ತರರಿಗೆ ಕಿಟಕಿ ಪಕ್ಕ ಕೂರುವುದೇ ಹಬ್ಬ. ಅಂಬರನಾಥ ದಾಟಿದ ಮೇಲೆ ಗಾಳಿ ತಂಪಾಗುತ್ತಿತ್ತು. ಬದಲಾಪುರದ ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತು ಡಬ್ಬಿ ಖಾಲಿ ಮಾಡಿ, ಚಾ ಕುಡಿದು, ಅದೇ ಗಾಡಿಯಲ್ಲಿ ವಾಪಸು. ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಇದ್ದ ದಿನ ಮಾಸ್ತರರು ರೈಲ್ವೆಯವರನ್ನು ತುಳುವಿನಲ್ಲಿ ಬೈದ ಬೈಗುಳ ಬರೆಯುವಂಥದ್ದಲ್ಲ.

ಒಂದು ಸಲ ಮಾತ್ರ ಎಡವಟ್ಟಾಯಿತು. ರೈಲಿನ ಬೋಗಿಯೊಳಗೆ ಶಿಷ್ಯ ಚೆನ್ನಯ ಸಿಕ್ಕಿದ. ಆಗ ಠಾಣೆಯ ಹೋಟೆಲಿನಲ್ಲಿ ಟೇಬಲು ಒರೆಸುತ್ತಿದ್ದವನು, ರಜೆಯಲ್ಲಿ ಶಹಾಡಿನ ಅಣ್ಣನ ಮನೆಗೆ ಹೊರಟಿದ್ದ.

"ಸರ್, ಭಿವಂಡಿಗಾ?"

"ಹೌದು ಹೌದು."

"ಅಮ್ಮ, ಪಾಪು ಕೂಡ?"

"ಅವರೂ ಪಾಠ ಮಾಡ್ತಾರೆ" ಎಂದರು ಮಾಸ್ತರರು, ನಳಿನಿ ಕಾಲು ತುಳಿದರೂ ಕೇಳದೆ. ಚೆನ್ನಯ ಬಿಡುವ ಆಸಾಮಿಯೇ? ಕಲ್ಯಾಣದಲ್ಲಿ ಮೂವರನ್ನೂ ಇಳಿಸಿ, ಬಸ್ ಸ್ಟ್ಯಾಂಡಿಗೆ ಕರೆದೊಯ್ದು, ಭಿವಂಡಿಯ ಬಸ್ಸಿನಲ್ಲಿ ಕೂರಿಸಿ, ಬಸ್ಸು ಹೊರಡುವ ತನಕ ಕೈಮುಗಿದು ನಿಂತ. ವಿಧಿಯಿಲ್ಲದೆ ಭಿವಂಡಿಗೆ ಹೋದರು. ಸುಡು ಬಿಸಿಲಿನಲ್ಲಿ, ನಾಲ್ಕೂ ಕಡೆ ಮಗ್ಗಗಳ ಗಡಗಡ ಸದ್ದಿನ ನಡುವೆ ನಿಂತು ಡಬ್ಬಿ ಖಾಲಿ ಮಾಡಿ, ಮುಂದಿನ ಬಸ್ಸಿಗೆ ಹಿಂದೆ ಬಂದರು. ಮಗಳಿಗೆ ಜ್ವರ ಬಂತು. ಅವರು ಭಿವಂಡಿ ನೋಡಿದ್ದು ಅದೊಂದೇ ಸಲ.

ಆಮೇಲೆ ಕತೆ ತಾನಾಗಿಯೇ ಬೆಳೆಯಿತು. ಚೆನ್ನಯ ಒಬ್ಬನಿಗೆ ಹೇಳಿದ, ಅವನು ಹತ್ತು ಜನಕ್ಕೆ ಹೇಳಿದ. ಬಳಗದ ಸ್ಮರಣ ಸಂಚಿಕೆಯಲ್ಲಿ ಬಂತು. ಮಾಸ್ತರರು ನಿವೃತ್ತರಾದಾಗ 'ಭಿವಂಡಿಯ ಬೆಳಕು' ಎಂಬ ಬಿರುದನ್ನೂ ಕೊಟ್ಟರು. ಇವತ್ತು ಹೇಳಿಬಿಡುತ್ತೇನೆ ಎಂದು ಹೋದ ಮಾಸ್ತರರು ಶಾಲು ಹೊದ್ದು, ಪೇಟ ಇಟ್ಟುಕೊಂಡು, ತಲೆ ತಗ್ಗಿಸಿ ಬಂದರು. "ಹೇಳಲಿಕ್ಕಾಗಲಿಲ್ಲ ಮಾರಾಯ್ತಿ. ಅಷ್ಟು ಜನ ಅಳ್ತಾ ಇದ್ದರು" ಎಂದರು. ನಳಿನಿ ಆ ಶಾಲನ್ನು ಅಟ್ಟಕ್ಕೆ ಎಸೆದರು.

ನಿಜಕ್ಕೂ ನಳಿನಿಯಮ್ಮನಿಗೆ ಉರಿಯುತ್ತಿದ್ದದ್ದು ಇಲ್ಲಿ. ಬಳಗದವರ ಮೇಲಿನ ಸಿಟ್ಟಿಗಿಂತ ಗಂಡನ ಮೇಲಿನ ಸಿಟ್ಟು ದೊಡ್ಡದು. ಹೆದರಿದ ಹುಡುಗರ ಬಾಯಲ್ಲೆಲ್ಲ ಮಾತು ಹೊರಡಿಸಿದ ಮನುಷ್ಯನಿಗೆ, 'ನನಗೆ ನನ್ನ ಹೆಂಡತಿ ಮಗಳ ಜೊತೆ ಇರಬೇಕು' ಎಂಬ ಒಂದು ವಾಕ್ಯ ನಾಲ್ಕು ಜನರ ಎದುರು ಹೇಳಲಾಗಲಿಲ್ಲ. ನಾಚಿಕೆಯಂತೆ. ಅವರ ಜೀವನದ ಅತ್ಯುತ್ತಮ ದಿನಗಳನ್ನು ಕದ್ದ ಮಾಲಿನಂತೆ ಬಚ್ಚಿಟ್ಟರು. ಈಗ ಅವರಿಲ್ಲ. ಆ ಭಾನುವಾರಗಳೂ ಇಲ್ಲವಾದಂತೆ ಆ ಆಮಂತ್ರಣ ಹೇಳುತ್ತಿದೆ. ಶಾಲು ಹಾಕಿಸಿಕೊಂಡರೆ ನಳಿನಿಯಮ್ಮನೇ ಹೌದೆಂದು ಒಪ್ಪಿದಂತೆ. ನಿಜ ಹೇಳಿದರೋ, ಸತ್ತ ಗಂಡನನ್ನು ಅವನ ಶಿಷ್ಯರ ಎದುರು ಸುಳ್ಳುಗಾರನನ್ನಾಗಿ ಮಾಡಿದಂತೆ. ಎರಡೂ ಅವರಿಂದಾಗದು.

ಕೊನೆಗೆ ಬಳಗದ ಈಗಿನ ಅಧ್ಯಕ್ಷ ಗುರುನಾಥರಿಗೆ ಫೋನು ಮಾಡಿದರು. ಗುರುನಾಥರು ಧಾರವಾಡದ ಕಡೆಯವರು, ಒಳ್ಳೆಯವರು, ತಾವೇ ಮಾತಾಡುವವರು.

"ಗುರುನಾಥರೇ, ಆ ಭಿವಂಡಿ ವಿಷಯ ಹಾಕುದು ಬೇಡ. ಅದು ಹಾಗಲ್ಲ."

"ಅಕ್ಕಾರ, ನೀವು ಹಿಂಗ ಅಂತೀರಿ ಅಂತ ನನಗ ಗೊತ್ತಿತ್ರಿ. ಮಾಸ್ತರರೂ ಹಿಂಗ ಸಂಕೋಚ ಮಾಡತಿದ್ರು. ಫಲಕಾನೂ ರೆಡಿ ಆಗೇದ. ನೀವು ಬಂದು ಕುಂದರ್ರಿ ಸಾಕು."

"ಶಾಲೆ ಇರ್ಲಿಲ್ಲ ಅಲ್ಲಿ…"

"ಹೌದ್ರೀ, ಕಟ್ಟಡ ಎಲ್ಲಿತ್ತು? ಗಿಡದ ಕೆಳಗ ಕಲಿಸತಿದ್ರಂತ. ಅದನ್ನೂ ಹೇಳತೀವ್ರಿ." ಫೋನು ಇಟ್ಟರು.

ಹೇಳುವುದನ್ನು ಹೇಳಿಯೂ ಹೇಳದಂತಾಯಿತು. ನಳಿನಿಯಮ್ಮ ಎರಡು ದಿನ ತೊಳೆದ ಪಾತ್ರೆಗಳನ್ನೇ ಮತ್ತೆ ಮತ್ತೆ ತೊಳೆದರು. "ಆಜೀಲಾ ಕಾಯ್ ಝಾಲಂ?" ಎಂದು ಆಶ್ರಿತಾ ತಾಯಿಯನ್ನು ಕೇಳಿದಳು. ಅಜ್ಜಿಗೆ ಏನಾಗಿದೆ ಎಂದು ತಾಯಿಯಾದರೂ ಏನು ಹೇಳಿಯಾಳು?

ಸಭೆ ಭಾನುವಾರವೇ. ಹತ್ತೂವರೆ ಎಂದವರು ಹನ್ನೊಂದೂವರೆಗೆ ದೀಪ ಹಚ್ಚಿದರು. ವೇದಿಕೆಯ ಮೇಲೆ ಹಾರ ಹಾಕಿದ ಫೋಟೊ, ಅದರ ಪಕ್ಕ ಕೆಂಪು ಬಟ್ಟೆ ಮುಚ್ಚಿದ ಫಲಕ. ಮುಂದಿನ ಸಾಲಿನಲ್ಲಿ ನಳಿನಿಯಮ್ಮ, ಶ್ರೀವಿದ್ಯಾ, ಅಳಿಯ ಅಭಯ್, ಆಶ್ರಿತಾ. ಮಾತಾಡಿದವರೆಲ್ಲ 'ಮನೆ-ಮಠ ಮರೆತವರು' ಎಂದೇ ಶುರುಮಾಡಿದರು. ಒಬ್ಬರಂತೂ ಮಾಸ್ತರರಿಗೆ ಸ್ವಂತ ಮಗಳು ಯಾವ ಕ್ಲಾಸಿನಲ್ಲಿದ್ದಾಳೆಂದೂ ಗೊತ್ತಿರಲಿಲ್ಲ ಎಂದರು. ಆಗ ಸಭೆ ತಲೆದೂಗಿತು. ಶ್ರೀವಿದ್ಯಾ ತನ್ನ ಜಡೆಯನ್ನು ಸುಮ್ಮನೆ ಒಮ್ಮೆ ಮುಟ್ಟಿಕೊಂಡಳು. ಈ ಜನರಿಗೆ ದೊಡ್ಡವನಾಗಬೇಕಾದರೆ ಮನೆಯವರನ್ನು ಮರೆತಿರಲೇಬೇಕೆ ಎಂದು ನಳಿನಿಯಮ್ಮನ ಹಲ್ಲು ಕಟಕಟ ಎಂದಿತು.

ಚೆನ್ನಯನೂ ಮಾತಾಡಿದ. ಈಗ ಶಹಾಡ್ ಸ್ಟೇಷನ್ನಿನ ಹತ್ತಿರ ಅವನದೇ ಹೋಟೆಲು, ತಲೆ ನರೆತಿದೆ. "ನಾನು ಹೇಳಿದ ತಪ್ಪು ಉತ್ತರವನ್ನು ಸರ್ ಹಲಗೆ ಮೇಲೆ ನನ್ನ ಹೆಸರು ಬರೆದು ಇಟ್ಟಿದ್ದರು. ಚೆನ್ನಯನ ಉತ್ತರ ಅಂತ. ಅದುವರೆಗೆ ನನ್ನ ಹೆಸರು ಎಲ್ಲಿಯೂ ಬರೆದದ್ದು ನಾನು ನೋಡಿರ್ಲಿಲ್ಲ" ಎಂದ. ಆದರೆ ಅವನು ಅಲ್ಲಿಗೆ ನಿಲ್ಲಿಸದೆ ಕಲ್ಯಾಣದ ಬಸ್ ಸ್ಟ್ಯಾಂಡಿಗೆ ಬಂದ. ಎಳೆ ಮಗುವನ್ನೂ ಕಟ್ಟಿಕೊಂಡು ಭಿವಂಡಿಯ ಬಸ್ಸು ಹತ್ತಿದ ಆ ದೃಶ್ಯವನ್ನು ಕಣ್ಣಾರೆ ಕಂಡವನು ತಾನು ಎಂದು ಅತ್ತ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಕೊನೆಗೆ ಗೌರವಾರ್ಪಣೆ. ಗುರುನಾಥರು ಶಾಲು ಬಿಡಿಸಿ ಹಿಡಿದು ನಿಂತರು. ನಳಿನಿಯಮ್ಮ ವೇದಿಕೆ ಹತ್ತಿದವರು ಶಾಲಿಗೆ ಹೆಗಲು ಕೊಡದೆ ಮೈಕಿಗೆ ಕೈ ಚಾಚಿದರು. ಹೆಂಡತಿ ಮಾತಾಡುವ ಪದ್ಧತಿ ಇಲ್ಲ, ವಂದನೆ ಹೇಳಲು ಅಳಿಯ ಇದ್ದಾನೆ. ಆದರೂ ಕೊಟ್ಟರು.

"ಭಿವಂಡಿಯಲ್ಲಿ ಶಾಲೆ ಇರ್ಲಿಲ್ಲ" ಎಂದರು ನಳಿನಿಯಮ್ಮ. "ಭಾನುವಾರ ಅವರು ಮನೆಯಲ್ಲೇ ಇರ್ತಿದ್ದರು. ಹಿಟ್ಟು ರುಬ್ತಿದ್ದರು. ಮಗಳಿಗೆ ಜಡೆ ಹಾಕ್ತಿದ್ದರು. ಮತ್ತೆ ನಾವು ರೈಲಲ್ಲಿ ಸುಮ್ಮನೆ ತಿರುಗಾಡಿ ಬರ್ತಿದ್ದೆವು. ನಾನು ಎಂತದೂ ತ್ಯಾಗ ಮಾಡ್ಲಿಲ್ಲ."

ಗುರುನಾಥರು ಮೆಲ್ಲಗೆ ಮೈಕು ತೆಗೆದುಕೊಂಡರು.

"ಕೇಳಿದಿರೇನ್ರಿ? ಶಾಲಿನೇ ಇರಲಿಲ್ಲ ಅಂತಾರ. ತ್ಯಾಗನೇ ಮಾಡಿಲ್ಲ ಅಂತಾರ. ದೊಡ್ಡತನ ಅಂದ್ರ ಇದು ನೋಡ್ರಿ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಆ ಗದ್ದಲದಲ್ಲೇ ಶಾಲು ನಳಿನಿಯಮ್ಮನ ಹೆಗಲಿಗೆ ಬಂದು ಕೂತಿತು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು ಅವರಿಗೆ. ಗಂಡ ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದ ಜನ, ಹೆಂಡತಿ ನಿಜ ಹೇಳಿದರೆ ಕಿವಿಗೇ ಹಾಕಿಕೊಳ್ಳುತ್ತಿಲ್ಲ.

ಗುರುನಾಥರಿಗೆ ಉಮೇದು ಏರಿತ್ತು. "ಮಾಸ್ತರರ ಭಾನುವಾರದ ಶಾಲಿ ನಿಲ್ಲಬಾರದ್ರಿ. ಈ ಫಲಕ ತೆರಿಯೋದಕ್ಕಿಂತ ಮೊದಲ, ನಾವೆಲ್ಲ ಸೇರಿ ಭಿವಂಡಿಯೊಳಗ ಅದನ್ನ ಮತ್ತ ಸುರು ಮಾಡೋಣು. ಪ್ರತಿ ಭಾನುವಾರ ಯಾರ್‍ಯಾರು ಬರತೀರಿ, ಕೈ ಎತ್ತರಿ."

ಯಾರೂ ಎತ್ತಲಿಲ್ಲ. ಈಗಷ್ಟೇ ಚಪ್ಪಾಳೆ ತಟ್ಟಿದ ಕೈಗಳು ಮೊಬೈಲು ಹುಡುಕಿದವು, ಮಕ್ಕಳ ಕೈ ಹಿಡಿದುಕೊಂಡವು. ಒಬ್ಬರು ಶನಿವಾರ ಸಂಜೆ ಇಟ್ಟರೆ ಹೇಗೆ ಎಂದರು. ಗುರುನಾಥರು ಎರಡನೆಯ ಸಲ ಕೇಳಿದರು. ಆಗ ಎರಡನೇ ಸಾಲಿನಲ್ಲಿ, ಮಡಿಲಲ್ಲಿ ಮಗು ಮಲಗಿಸಿಕೊಂಡಿದ್ದ ಬೆಂಗಳೂರಿನ ಕಡೆಯ ಯುವಕನೊಬ್ಬ ಎದ್ದು ನಿಲ್ಲಲಾಗದೆ ಕೂತಲ್ಲಿಂದಲೇ ಹೇಳಿದ:

"ತಪ್ಪು ತಿಳ್ಕೋಬೇಡಿ ಸಾರ್. ದಿನಾ ಐರೋಲಿ ಆಫೀಸಿಗೆ ಹೋಗಿ ಬರೋದ್ರಲ್ಲೇ ಜೀವ ಹೋಗತ್ತೆ. ಇವಳ ಮುಖ ನೋಡೋಕೆ ಅಂತ ನನಗೆ ಸಿಗೋದು ಭಾನುವಾರ ಒಂದೇ. ಅದನ್ನ ನಾನು ಕೊಡಲ್ಲ."

ಸಭೆಯಲ್ಲಿ ಯಾರೋ ಛೆ ಎಂದರು. ಹುಡುಗನ ಮುಖ ಕೆಂಪಾಯಿತು.

"ನಿನ್ನ ಹೆಸರೆಂತ ಮಗಾ?" ಎಂದರು ನಳಿನಿಯಮ್ಮ ವೇದಿಕೆಯಿಂದ. ಮೈಕಿರಲಿಲ್ಲ, ಆದರೂ ಕೊನೆಯ ಸಾಲಿಗೂ ಕೇಳಿಸಿತು.

"ವಸಂತ್, ಅಮ್ಮಾ."

"ಅವರಿಗೂ ಇದನ್ನೇ ಹೇಳಬೇಕಿತ್ತು, ವಸಂತ. ನಿನ್ನಷ್ಟು ಧೈರ್ಯ ಅವರಿಗೆ ಇರ್ಲಿಲ್ಲ. ಈಗ ಛೆ ಅಂದರಲ್ಲ, ಅದಕ್ಕೇ ಹೆದರಿದ್ದು ಅವರು. ಅದಕ್ಕೇ ಭಿವಂಡಿ ಅಂತ ಹೇಳಿಬಿಟ್ಟರು."

ಈ ಸಲ ಚಪ್ಪಾಳೆ ಬೀಳಲಿಲ್ಲ. ಒಬ್ಬೊಬ್ಬರ ಮುಖದಲ್ಲೂ ಅರ್ಥ ಇಳಿಯುವುದು ಕಾಣುತ್ತಿತ್ತು. ಚೆನ್ನಯ ಕುರ್ಚಿಯಿಂದ ಅರ್ಧ ಎದ್ದು, "ಹಾಗಾದ್ರೆ ಅಮ್ಮ, ಅವತ್ತು ನಾನು…" ಎಂದು ಮತ್ತೆ ಕೂತ.

"ನಿನ್ನದೇನು ತಪ್ಪಿಲ್ಲ ಚೆನ್ನಯ. ನೀನು ನಮ್ಮನ್ನು ಪ್ರೀತಿಯಿಂದಲೇ ಬಸ್ಸು ಹತ್ತಿಸಿದ್ದು."

ಗುರುನಾಥರು ಕೆಂಪು ಬಟ್ಟೆಯ ತುದಿ ಹಿಡಿದುಕೊಂಡು, ಎಳೆಯುವುದೋ ಬಿಡುವುದೋ ತಿಳಿಯದೆ ನಿಂತಿದ್ದರು. ಮೊದಲ ಸಲ ತಗ್ಗಿದ ದನಿಯಲ್ಲಿ ಕೇಳಿದರು: "ಹಂಗಾರ ಅಕ್ಕಾರ, ಇದರ ಮ್ಯಾಲೆ ಏನು ಬರಸೋಣ್ರಿ?"

ನಳಿನಿಯಮ್ಮ ಹೆಗಲಿನ ಶಾಲು ತೆಗೆದು ಮಡಚಿ ಅವರ ಕೈಗೆ ಕೊಟ್ಟರು.

"ಯಜ್ಞೇಶ್ವರ, ಗಣಿತದ ಮಾಸ್ತರರು ಅಂತ ಬರೆಸಿ. ಕೆಳಗೆ, ಭಾನುವಾರ ಸಿಗುವುದಿಲ್ಲ ಅಂತ ಬರೆಸಿ. ಆ ದಿನ ಅವರು ಮನೆಯಲ್ಲಿರ್ತಾರೆ."